ಮೊದಲು ಕಿವಿ ಪಳಗಲಿ

ಜಾಝ್ ಗಿಟಾರ್ ಕಲಿಯಲು ಹೊರಟವರ ಮುಂದೆ ಈಗ ಸ್ಕೇಲುಗಳ ಪುಸ್ತಕ, ಕಾರ್ಡ್ ಪಟ್ಟಿ, ವಿಡಿಯೊ ಪಾಠಗಳ ರಾಶಿಯೇ ಬಿದ್ದಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲನ್ನು ಬದಿಗಿಟ್ಟರೂ ನಷ್ಟವಿಲ್ಲ; ಮೊದಲು ಪಳಗಬೇಕಾದ್ದು ಕಿವಿ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1923ರಲ್ಲಿ ಹುಟ್ಟಿದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ನ ಧ್ವನಿಮುದ್ರಿಕೆಗಳಿಗೆ ಮರುಳಾದ ಆತ, ಆ ಸೋಲೊಗಳನ್ನು ಸ್ವರ ಬಿಡದೆ ಕಿವಿಯಿಂದಲೇ ಕಲಿತ. ಮೊದಮೊದಲು ಕ್ಲಬ್ಬಿನಲ್ಲಿ ನುಡಿಸಿದ್ದೂ ಅವನ್ನೇ. ಅನುಕರಣೆ ಎಂದು ಮೂಗು ಮುರಿಯುವವರು ಮುಂದಿನದನ್ನು ಗಮನಿಸಬೇಕು. ಸದ್ದು ಕಡಿಮೆಯಾಗಲೆಂದು ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೀಟತೊಡಗಿದ. ಜಗತ್ತು ಗುರುತಿಸುವ ಆ ಮೆತ್ತನೆಯ ನಾದ ಹುಟ್ಟಿದ್ದೇ ಹೀಗೆ. ಒಂದೇ ಸ್ವರವನ್ನು ಅಕ್ಕಪಕ್ಕದ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಸುವ ‘ಆಕ್ಟೇವ್’ ಶೈಲಿ ಅವನ ಸಹಿಯಾಯಿತು.

ಇದೆಲ್ಲ ನಡೆದದ್ದು ದುಡಿಮೆಯ ನಡುವೆಯೇ: ಹಗಲು ಕಾರ್ಖಾನೆ, ರಾತ್ರಿ ಕ್ಲಬ್ಬು. ಏಕೆಂದರೆ ಸಾಕಬೇಕಾದ ಸಂಸಾರ ದೊಡ್ಡದಿತ್ತು.

ಕೇಳುಗರಿಗೂ ಆತ ಒಳ್ಳೆಯ ಪ್ರವೇಶದ್ವಾರ. ಜಾಝ್ ಎಂದರೆ ದಿಕ್ಕಿಲ್ಲದ ಸ್ವರಗಳ ಓಟ ಎನ್ನುವವರು ಅವನ 1960ರ ‘ವೆಸ್ಟ್ ಕೋಸ್ಟ್ ಬ್ಲೂಸ್’ ಕೇಳಲಿ: ಸೋಲೊ ಮೊದಲು ಬಿಡಿ ಸ್ವರಗಳಲ್ಲಿ ನಡೆಯುತ್ತದೆ, ನಂತರ ಆಕ್ಟೇವ್‌ಗಳಿಗೆ ಏರುತ್ತದೆ, ಕೊನೆಗೆ ಪೂರ್ತಿ ಕಾರ್ಡ್‌ಗಳಾಗಿ ಹರಡುತ್ತದೆ. ಮೂರೆಣಿಕೆಯ ಲಯಕ್ಕೆ ಕಾಲು ತಾನಾಗಿ ತಾಳ ಹಾಕುತ್ತದೆ. ಕಲಿಯುವವರು ಇದರ ಮೊದಲ ಎರಡು ಸಾಲನ್ನು ಬಾಯಲ್ಲಿ ಹಾಡಿಕೊಂಡು, ಆಮೇಲೆ ತಂತಿಯ ಮೇಲೆ ಹುಡುಕಲಿ. ಒಂದು ವಾರ ಹಿಡಿದರೂ ಹಿಡಿಯಲಿ.