ಮೆಷಿನ್ ಕೊಳ್ಳೋ ಮುಂಚೆ ಒಮ್ಮೆ ಕಾಮಾಕ್ಷಿಪಾಳ್ಯ ಸುತ್ತಿ ಬನ್ನಿ

ನಮ್ಮ ವರ್ಕ್‌ಶಾಪಿಗೆ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ತರಬೇಕು ಅನ್ನೋ ಕೂಗು ಈ ಸೆಮಿಸ್ಟರ್‌ನಲ್ಲಿ ಜೋರಾಗಿದೆ. ಪೆಡಲ್ ಗಾಡಿ ಕಟ್ಟುತ್ತಿರುವ ನಮ್ಮ ತಂಡದ ಹೆಸರನ್ನೂ ಅದಕ್ಕೆ ಸೇರಿಸುತ್ತಿದ್ದಾರೆ: 'ಕ್ರ್ಯಾಂಕ್ ಮಾಡೋಕೆ ಹುಡುಗರಿಗೆ ಸಿಎನ್‌ಸಿ ಬೇಕಂತೆ' ಅಂತ. ಬೇಡ ಅಂತ ನಾವು ಹೇಳೋದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಅದೇ ದುಡ್ಡಲ್ಲಿ ಮಾಡೋಕೆ ಬೇರೆ ಕೆಲಸ ಇದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು, ಕ್ರ್ಯಾಂಕನ್ನು ನಾವೇ ಯಾಕೆ ಮಾಡಬೇಕು? ಅಂಗಡಿಯಲ್ಲಿ ದೊಡ್ಡವರ ಸೈಕಲ್ಲಿಗೆ ಸಿಗೋದು ಹೆಚ್ಚಾಗಿ 165ರಿಂದ 175 ಮಿ.ಮೀ. ಉದ್ದದ್ದು. ನಮ್ಮ ಗಾಡಿ ತುಳಿಯುವವಳು ಐದಡಿ ಎತ್ತರ ಇದ್ದಾಳೆ. 170ರ ಕ್ರ್ಯಾಂಕ್‌ನಲ್ಲಿ ಪೆಡಲ್ ಮೇಲಕ್ಕೆ ಬಂದಾಗಲೆಲ್ಲ ಅವಳ ಮೊಣಕಾಲು ಹೊಟ್ಟೆಗೆ ತಾಗುವಷ್ಟು ಮಡಚುತ್ತೆ. 150 ಇದ್ದರೆ ಸರಿಹೋಗುತ್ತೆ. ಎಫಿಸೈಕಲ್ ಥರದ ಸ್ಪರ್ಧೆಗೆ ಗಾಡಿ ಕಟ್ಟಿದವರಿಗೆಲ್ಲ ಈ ತಾಪತ್ರಯ ಗೊತ್ತು: ಗಾಡಿಯನ್ನು ಮನುಷ್ಯರಿಗೆ ಹೊಂದಿಸೋ ಬದಲು ಸಿಕ್ಕ ಪಾರ್ಟಿಗೆ ಮನುಷ್ಯರನ್ನೇ ಹೊಂದಿಸಿಬಿಡ್ತೀವಿ.

ನೋಡೋಕೆ ಕ್ರ್ಯಾಂಕ್ ಅಂದ್ರೆ ಎರಡು ತೂತಿನ ಒಂದು ಪಟ್ಟಿ, ಅಷ್ಟೇ. ಆದರೆ 70 ಕೆ.ಜಿ. ತೂಕದವನು ಎದ್ದು ನಿಂತು ತುಳಿದರೆ 170 ಮಿ.ಮೀ. ತೋಳಿನಲ್ಲಿ ಸುಮಾರು 117 ನ್ಯೂಟನ್-ಮೀಟರ್ ಟಾರ್ಕ್ ಬರುತ್ತೆ. ನಿಮಿಷಕ್ಕೆ 60 ಸುತ್ತಿನ ಲೆಕ್ಕದಲ್ಲಿ ಒಂದೊಂದು ಕ್ರ್ಯಾಂಕ್ ಗಂಟೆಗೆ 3600 ಸಲ ಒದೆ ತಿನ್ನುತ್ತೆ. 28 ಗಂಟೆ ತುಳಿದರೆ ಲಕ್ಷ ದಾಟಿತು. ಅಲ್ಯೂಮಿನಿಯಮ್ಮಿಗೆ ಉಕ್ಕಿನ ಹಾಗೆ 'ಇದರ ಕೆಳಗೆ ಎಷ್ಟು ಸಲ ಬೇಕಾದರೂ ತುಳಿ' ಅನ್ನೋ ಎಂಡ್ಯೂರೆನ್ಸ್ ಲಿಮಿಟ್ ಇಲ್ಲ. ಚೂಪಾದ ಒಂದು ಒಳಮೂಲೆ, ಟೂಲ್ ನಡುಗಿ ಬಿಟ್ಟ ಒಂದು ಗೀರು ಸಾಕು, ಬಿರುಕು ಅಲ್ಲಿಂದಲೇ ಶುರು. ಐಎಸ್ಒ 4210ರ 8ನೇ ಭಾಗ ಪೂರ್ತಿ ಪೆಡಲ್ ಮತ್ತು ಡ್ರೈವ್ ಭಾಗಗಳ ಟೆಸ್ಟಿಗೇ ಇರೋದು ಸುಮ್ಮನೆ ಅಲ್ಲ. ಮಾಗಡಿ ರಸ್ತೆಯಲ್ಲಿ ಬಸ್ಸಿನ ಮುಂದೆ ಎದ್ದು ನಿಂತು ತುಳಿಯುವಾಗ ಕ್ರ್ಯಾಂಕ್ ಮುರಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಮೆಷಿನ್ ವಿಚಾರಕ್ಕೆ ಬರೋಣ. ಕಾಲೇಜಿನ ಬಜೆಟ್ಟಿಗೆ ಸಿಗೋದು ಟೇಬಲ್ ಮೇಲೆ ಇಡುವ ಪುಟ್ಟ ಸಿಎನ್‌ಸಿ ರೌಟರ್: ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಫ್ರೇಮು, ಸ್ಟೆಪ್ಪರ್ ಮೋಟರು. ಮರಕ್ಕೆ, ಅಕ್ರಿಲಿಕ್ಕಿಗೆ, ಪಿಸಿಬಿಗೆ ಅದು ಸೊಗಸಾದ ಮೆಷಿನ್. 7075 ಅಲ್ಯೂಮಿನಿಯಮ್ಮಿನ 20 ಮಿ.ಮೀ. ಪ್ಲೇಟಿಗೆ 10 ಮಿ.ಮೀ. ಎಂಡ್‌ಮಿಲ್ ಇಳಿಸಿ ನೋಡಿ, ಫ್ರೇಮೇ ಬಗ್ಗುತ್ತೆ. ಚಾಟರ್ ಬರಬಾರದು ಅಂತ ಡೆಪ್ತ್ ಕಮ್ಮಿ ಮಾಡ್ತಾ ಹೋದರೆ ಒಂದು ಕ್ರ್ಯಾಂಕಿಗೆ ಇಡೀ ದಿನ. ಇನ್ನೊಂದು ತುದಿಯಲ್ಲಿ ಪೂರ್ತಿ ಅಳತೆಯ ವಿಎಂಸಿ. ಅದರ ಬೆಲೆಯ ಮಾತು ಹಾಗಿರಲಿ. ತ್ರೀ ಫೇಸ್ ಕರೆಂಟು, ಕಂಪ್ರೆಸರ್, ಟನ್‌ಗಟ್ಟಲೆ ತೂಕ ತಡೆಯುವ ನೆಲ, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ನಡೆಸೋ ಆಪರೇಟರ್ ಬೇಕು. ಆಪರೇಟರ್ ಇಲ್ಲದ ಕಾಲೇಜುಗಳಲ್ಲಿ ವಿಎಂಸಿಗೆ ಬೀಗ ಹಾಕಿ, ಅತಿಥಿಗಳು ಬಂದಾಗ ಮಾತ್ರ ಒರೆಸಿ ಇಡ್ತಾರೆ. ನಾವು ನೋಡಿದ್ದೇವೆ, ಹೆಸರು ಬೇಡ.

ಕ್ರ್ಯಾಂಕಿಗೆ ನಿಜವಾಗಿ ಬೇಕಿರೋ ನಿಖರತೆ ಎಲ್ಲಿದೆ? ಪೆಡಲ್ ತೂತು ಮತ್ತು ಆಕ್ಸಲ್ ತೂತು ಒಂದಕ್ಕೊಂದು ಸಮಾನಾಂತರ ಇರಬೇಕು. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಪಾದ ಓಲಾಡುತ್ತೆ. ಅದಕ್ಕೆ ಮದ್ದು, ಎರಡೂ ತೂತನ್ನು ಒಂದೇ ಸೆಟ್ಟಿಂಗಿನಲ್ಲಿ, ವೈಸ್ ಬಿಚ್ಚದೆ ಹೊಡೆಯೋದು. ಒಳ್ಳೆಯ ಹಳೇ ಮಿಲ್ಲಿಂಗ್ ಮೆಷಿನ್ನಿಗೆ ಡಿಜಿಟಲ್ ರೀಡೌಟ್ ಕೂರಿಸಿದರೆ 150.00 ಅಂತ ನೋಡಿಕೊಂಡು ಟೇಬಲ್ ಸರಿಸಬಹುದು. ಪೆಡಲ್ ಥ್ರೆಡ್ 9/16 ಇಂಚು, ಇಂಚಿಗೆ 20 ಎಳೆ, 13 ಮಿ.ಮೀ. ಡ್ರಿಲ್ ಹೊಡೆದು ಕೈಯಲ್ಲೇ ಟ್ಯಾಪ್ ಹಾಕಬಹುದು. ಎಡಗಡೆ ಪೆಡಲ್ಲಿಗೆ ಉಲ್ಟಾ ಥ್ರೆಡ್, ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳುತ್ತೆ. ನಿಜವಾಗಿ ಕಾಡೋದು ಆಕ್ಸಲ್ಲಿನ ಚೌಕ ತೂತು. ನಾಲ್ಕೂ ಮುಖ ಆಕ್ಸಲ್ಲಿನ ನಡುಗೆರೆಗೆ 2 ಡಿಗ್ರಿ ಓರೆ. ವಿಎಂಸಿಯಲ್ಲಿ ಟೇಪರ್ ಎಂಡ್‌ಮಿಲ್ ತಂದು ಹೇಗೋ ಮಾಡಬಹುದು. ಆದರೆ ಇದು ಹೇಳಿ ಮಾಡಿಸಿದ ಹಾಗೆ ವೈರ್‌ಕಟ್ ಕೆಲಸ.

ವೈರ್‌ಕಟ್ ಮೆಷಿನ್ ಕಾಲೇಜು ಯಾಕೆ ಕೊಳ್ಳಬೇಕು, ಕಾಮಾಕ್ಷಿಪಾಳ್ಯ ಇದೆಯಲ್ಲ! ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಸಾಕು: ಒಂದು ಶೆಡ್ಡಲ್ಲಿ ಲೇತು, ಮುಂದಿನದರಲ್ಲಿ ಗ್ರೈಂಡಿಂಗು, ಅದರಾಚೆ ಹೀಟ್ ಟ್ರೀಟ್‌ಮೆಂಟು, ಮಧ್ಯೆ ಒಂದು ಟೀ ಅಂಗಡಿ. 1953ರಲ್ಲಿ ಎಚ್‌ಎಂಟಿ, ಆಮೇಲೆ 1960ರ ದಶಕದಲ್ಲಿ ಬಿಎಫ್‌ಡಬ್ಲ್ಯೂ, ಸಿಎಂಟಿಐ ಬಂದ ಊರು ಇದು. ಮೆಷಿನ್ ಕಟ್ಟೋ ವಿದ್ಯೆ ದೊಡ್ಡ ಕಾಂಪೌಂಡುಗಳ ಒಳಗೇ ಉಳಿಯಲಿಲ್ಲ, ಇಂಥ ಗಲ್ಲಿಗಳಿಗೂ ಇಳಿಯಿತು. ನಾವು ಡ್ರಾಯಿಂಗ್ ಹಿಡಿದು ಹೋದಾಗ ಒಬ್ಬ ಅಣ್ಣ ಕನ್ನಡಕ ಏರಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ: 'ಇದನ್ನ ಎಲ್ಲಿ ಹಿಡಿಯೋದಮ್ಮ?' ಕ್ಯಾಡ್ ಲ್ಯಾಬಿನಲ್ಲಿ ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ.

ಇಲ್ಲೇ ನಮ್ಮ ತಕರಾರು ಇರೋದು. ಈಗ ನಡೆಯುತ್ತಿರೋದು ಏನು? ಡ್ರಾಯಿಂಗ್ ವಾಟ್ಸಾಪ್ ಮಾಡೋದು, ಶನಿವಾರ ಸಂಜೆ ಪಾರ್ಟ್ ಎತ್ತಿಕೊಂಡು ಬರೋದು, ರಿಪೋರ್ಟಲ್ಲಿ 'ನಮ್ಮ ತಂಡ ತಯಾರಿಸಿದ್ದು' ಅಂತ ಬರೆಯೋದು. ಗೈಡ್‌ಗಳಿಗೂ ಗೊತ್ತು. ವೈವಾದಲ್ಲಿ ಫೀಡ್ ಎಷ್ಟು ಕೊಟ್ರಿ ಅಂದ್ರೆ ಎಲ್ಲರೂ ನೆಲ ನೋಡ್ತಾರೆ. ಕಾಲೇಜಿಗೆ ಹೊಸ ಸಿಎನ್‌ಸಿ ಬಂದರೂ ಈ ಚಾಳಿ ಹೋಗಲ್ಲ. ಡ್ರಾಯಿಂಗ್ ಗಲ್ಲಿಯ ಬದಲು ಲ್ಯಾಬ್ ಇನ್‌ಸ್ಟ್ರಕ್ಟರ್ ಕೈಗೆ ಹೋಗುತ್ತೆ, ಅಷ್ಟೇ.

'ಪ್ಲೇಸ್‌ಮೆಂಟಿಗೆ ಸಿಎನ್‌ಸಿ ಗೊತ್ತಿರಬೇಕಲ್ಲ' ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಟೂಲ್‌ಪಾತ್ ಬರೆಯೋಕೆ ಲ್ಯಾಬಿನ ಕಂಪ್ಯೂಟರ್ ಸಾಕು. ಅಲ್ಯೂಮಿನಿಯಮ್ಮಿಗೆ ನಿಮಿಷಕ್ಕೆ 200 ಮೀಟರ್ ಕಟಿಂಗ್ ಸ್ಪೀಡ್ ಇಟ್ಟರೆ 10 ಮಿ.ಮೀ. ಕಾರ್ಬೈಡ್ ಟೂಲಿಗೆ ಸುಮಾರು 6400 ಆರ್‌ಪಿಎಂ ಅನ್ನೋ ಲೆಕ್ಕ ಕಾಗದದ ಮೇಲೇ ಬರುತ್ತೆ. ಆ ಪ್ರೋಗ್ರಾಂ ತಗೊಂಡು ಶೆಡ್ಡಿಗೆ ಹೋಗಿ, ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ಡ್ರೈ ರನ್‌ನಿಂದ ಹಿಡಿದು ಬರ್ ತೆಗೆಯೋವರೆಗೆ ಪಕ್ಕದಲ್ಲೇ ನಿಂತರೆ ಕಲಿಕೆ ಆಗುತ್ತೆ. ಆ ಅಣ್ಣನ ಸಮಯಕ್ಕೂ ದುಡ್ಡು ಕೊಡಬೇಕು. ಸ್ಟೂಡೆಂಟ್ಸ್ ಅಂತ ಹಲ್ಲುಗಿಂಜಿ ಪುಕ್ಕಟೆ ಮಾಡಿಸಿಕೊಳ್ಳೋದು ಸರಿಯಲ್ಲ.

ಹಾಗಾಗಿ ವಿಭಾಗಕ್ಕೆ ನಾವು ಕೊಡ್ತಿರೋ ಮನವಿಯಲ್ಲಿ ಇರೋದು ಇಷ್ಟು: ಸ್ಲೈಡುಗಳಲ್ಲಿ ಸವೆತ ಚೆಕ್ ಮಾಡಿಸಿದ ಒಂದು ಸೆಕೆಂಡ್ ಹ್ಯಾಂಡ್ ಮಿಲ್ಲಿಂಗ್ ಮೆಷಿನ್, ಅದಕ್ಕೆ ಡಿಜಿಟಲ್ ರೀಡೌಟ್, ಗಟ್ಟಿ ವೈಸ್, ಪ್ರತಿ ತಂಡಕ್ಕೂ ಜಾಬ್ ವರ್ಕ್ ಅಂತಲೇ ಬೇರೆ ತೆಗೆದಿಟ್ಟ ಹಣ. ರಿಪೋರ್ಟಲ್ಲಿ ಯಾವ ಆಪರೇಷನ್ ಎಲ್ಲಿ ಆಯ್ತು, ಯಾರು ಮಾಡಿದರು ಅಂತ ಬರೆಯೋಕೆ ಒಂದು ಕಾಲಂ. ಮತ್ತೆ 9/16ರ ಟ್ಯಾಪ್ ಎರಡೂ ಕೈಯದು. ಎಸ್‌ಜೆಪಿ ರಸ್ತೆಗೆ ಹೋದವರು ಎಡಗೈ ಟ್ಯಾಪ್ ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಎರಡೂ ಬಲಗೈಯದೇ ಕಟ್ಟಿ ಕೊಡ್ತಾರೆ.