ಎಫ್‌ಎಂ ತರಂಗ ಹಿಡಿದು ಬಂದ ಸುದ್ದಿ
ಕೈಗಡಿಯಾರದಲ್ಲಿ ಸುದ್ದಿ, ಹವಾಮಾನ, ಷೇರು ಬೆಲೆ ಕಾಣಿಸುವುದು ಈಗ ಮಾಮೂಲಿ. ಐಫೋನ್ ಬರುವುದಕ್ಕೂ ಮೂರು ವರ್ಷ ಮೊದಲು, 2004ರಲ್ಲೇ, ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಇದನ್ನು ಮಾಡಿ ತೋರಿಸಿತ್ತು. 'ಸ್ಪಾಟ್' ತಂತ್ರಜ್ಞಾನದ ಆ ವಾಚುಗಳನ್ನು ಮಾರಿದ್ದು ಫಾಸಿಲ್, ಸುಂಟೋದಂಥ ಕಂಪನಿಗಳು. ಅದರೊಳಗಿನ ಉಪಾಯ ನನಗೆ ಇವತ್ತಿಗೂ ಬಹಳ ಮೆಚ್ಚುಗೆ. ಎಫ್‌ಎಂ ಕೇಂದ್ರವೊಂದು ಹಾಡು ಬಿತ್ತರಿಸುವಾಗ ಅದರ ತರಂಗದಲ್ಲಿ ನಮ್ಮ ರೇಡಿಯೊ ಕೇಳಿಸದ ಒಂದಿಷ್ಟು ಜಾಗ ಉಳಿದಿರುತ್ತದೆ. ಮಾಹಿತಿಯನ್ನು ಅಲ್ಲಿ ಕೂರಿಸಿ ಕಳಿಸುತ್ತಿದ್ದರು. ಸಿಮ್ ಬೇಡ, ಜೇಬಿನಲ್ಲಿ ಫೋನೂ ಬೇಡ. ಪ್ರತಿ ವಾಚಿಗೂ ತನ್ನದೇ ಗುರುತಿನ ಸಂಖ್ಯೆಯಿತ್ತು. ಹಾಗಾಗಿ ಊರಿಗೆಲ್ಲ ಬಿತ್ತರವಾದ ಸಂದೇಶಗಳಲ್ಲಿ ತನ್ನ ಯಜಮಾನನದ್ದನ್ನಷ್ಟೇ ಅದು ಹೆಕ್ಕಿಕೊಳ್ಳುತ್ತಿತ್ತು. ಎಂಥ ಅಚ್ಚುಕಟ್ಟು! ಆದರೆ ವಾಚು ಕೇಳಿಸಿಕೊಳ್ಳಬಲ್ಲದಾಗಿತ್ತೇ ಹೊರತು ಉತ್ತರಿಸಲಾರದು. ಎರಡು-ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕಿತ್ತು, ವರ್ಷಕ್ಕೆ ಸುಮಾರು 59 ಡಾಲರ್ ಚಂದಾ ಬೇರೆ. ಅಮೆರಿಕ, ಕೆನಡಾದ ದೊಡ್ಡ ನಗರಗಳ ಆಚೆ ಹೋದರೆ ಹೊಸ ಮಾಹಿತಿಯೇ ಇಲ್ಲ. ಅಷ್ಟರಲ್ಲಿ ಇದೇ ಸುದ್ದಿ ಮೊಬೈಲ್ ಫೋನಿನಲ್ಲೇ ಸಿಗತೊಡಗಿತು. 2008ರಲ್ಲಿ ಈ ವಾಚುಗಳ ಮಾರಾಟ ನಿಂತಿತು, 2012ರ ಜನವರಿ 1ರಂದು ಸೇವೆಯೂ ನಿಂತಿತು. ಚೆನ್ನಾಗಿದ್ದ ವಾಚುಗಳೂ ಆ ದಿನದಿಂದ ಬರೀ ಗಂಟೆ ತೋರಿಸುವಂತಾದವು. ಇದು ಕೊಂಡವರಿಗೆ ಆದ ಅನ್ಯಾಯವೇ ಸರಿ. ಇಂದು ಸ್ಮಾರ್ಟ್‌ವಾಚ್ ಕೊಳ್ಳಹೊರಟವರು, ಕಂಪನಿಯ ಸೇವೆ ನಿಂತ ಮೇಲೂ ಅದರಲ್ಲಿ ಏನೇನು ನಡೆಯುತ್ತದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.