ಕರಕೌಶಲದ ಕಾಪು

ವಸ್ತುಸಂಗ್ರಹಾಲಯವೆಂದರೆ ಗತಿಸಿದವರ ಸೊತ್ತನ್ನು ಕಾಯುವ ಮನೆಯೆಂಬ ಭಾವನೆ ಸಹಜವಾದುದು. ಜಪಾನಿನ ಕನಜಾವ ನಗರದ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯವು ಈ ಭಾವನೆಯನ್ನು ತಿದ್ದುವಂತಹುದು. 1977ರಲ್ಲಿ ಟೋಕಿಯೋದ ಆಧುನಿಕ ಕಲಾ ಸಂಗ್ರಹಾಲಯದ ಶಾಖೆಯಾಗಿ ತೆರೆದ ಈ ಸಂಸ್ಥೆ 2020ರಲ್ಲಿ ಕನಜಾವಕ್ಕೆ ಬಂದಿತು. ಈಗಿನ ನೆಲೆ ಮೇಜಿ ಯುಗದ ಎರಡು ಸೇನಾ ಕಟ್ಟಡಗಳು. ಟೋಕಿಯೋದಲ್ಲಿದ್ದದ್ದೂ ಅರಮನೆಯ ಕಾವಲುಪಡೆಯ ಹಳೆಯ ಕಚೇರಿಯಲ್ಲಿಯೇ. ದಂಡನಾಯಕರು ಕುಳಿತೆಡೆ ಬಟ್ಟಲು, ಕುಂಭಗಳು ಬಂದು ಕುಳಿತದ್ದು ಸೊಗಸಾದ ವಿಪರ್ಯಾಸವೇ ಸರಿ.

ಸಂದರ್ಶಕನು ತಡೆದು ನಿಲ್ಲಬೇಕಾದುದು ಅಲ್ಲಿ ಪುನಃ ಸ್ಥಾಪಿಸಿರುವ ಮತ್ಸುದ ಗೊನ್ರೊಕು (1896–1986) ಅವರ ಕೆಲಸದ ಕೋಣೆಯ ಮುಂದೆ. ಉರುಶಿ ಮರದ ರಸವನ್ನು ಬಳಿದು, ಅದು ಹಸಿಯಾಗಿರುವಾಗಲೇ ಚಿನ್ನದ ಪುಡಿಯನ್ನುದುರಿಸಿ ಚಿತ್ರ ರಚಿಸುವ ವಿದ್ಯೆಯಲ್ಲಿ ಅವರು ಪಾರಂಗತರು. (ಇದನ್ನು ಅರಗೆನ್ನುವುದು ಸಲ್ಲದು, ಅರಗು ಕೀಟಜನ್ಯ, ಇದು ವೃಕ್ಷಜನ್ಯ. ಇದು ಗಟ್ಟಿಯಾಗಲು ಬಿಸಿಲು ಬೇಡ, ತೇವದ ಗಾಳಿ ಬೇಕು.) ಜಪಾನಿನ ಕಾನೂನು 1955ರಲ್ಲಿ ಇಂಥವರನ್ನು ಗುರುತಿಸತೊಡಗಿತು, ಜನ ಅವರನ್ನು ‘ಜೀವಂತ ರಾಷ್ಟ್ರನಿಧಿ’ ಎನ್ನುತ್ತಾರೆ. ವರ್ಷಕ್ಕೆ ಸಲ್ಲುವ 20 ಲಕ್ಷ ಯೆನ್ ವಿಶ್ರಾಂತಿವೇತನವಲ್ಲ. ವಿದ್ಯೆಯನ್ನು ಹರಿತಗೊಳಿಸಿಕೊಂಡು ಶಿಷ್ಯರಿಗೆ ದಾಟಿಸಲು ಕೊಟ್ಟ ದ್ರವ್ಯ. ಪಾತ್ರೆಯನ್ನಲ್ಲದೆ ಪಾಠವನ್ನೂ ರಕ್ಷಿಸಬೇಕೆಂಬ ಈ ವಿವೇಕ ಅಧ್ಯಾಪಕವರ್ಗಕ್ಕೆ ವಿಶೇಷವಾಗಿ ರುಚಿಸತಕ್ಕದ್ದು.

ಆದರೆ ಕುಂಬಾರ ಕವಾಯಿ ಕಂಜಿರೋ ಈ ಬಿರುದನ್ನು ಒಲ್ಲೆನೆಂದರು. ಅವರ ಮಿತ್ರ ಯನಗಿ ಮುನೆಯೋಶಿ 1936ರಲ್ಲಿ ಟೋಕಿಯೋದಲ್ಲಿ ಜಾನಪದ ಕರಕುಶಲ ಸಂಗ್ರಹಾಲಯವನ್ನು ತೆರೆದವರು; ನಿಜವಾದ ಸೌಂದರ್ಯವಿರುವುದು ಹೆಸರಿಲ್ಲದವರು ನಿತ್ಯದ ಬಳಕೆಗೆ ಮಾಡಿದ ವಸ್ತುಗಳಲ್ಲಿ ಎಂಬುದು ಅವರ ಮತ. ಮಾತು ಘನವಾದುದು. ಆದರೂ ಅನಾಮಿಕತೆಯಿಂದ ಒಲೆ ಉರಿಯದು. ಹೆಸರಿಗೆ ಮನ್ನಣೆಯಿತ್ತ ಕಾನೂನೇ ಇಲ್ಲಿ ಹೆಚ್ಚು ಲೋಕಜ್ಞವಾದುದು. ದೋಷವಿರುವುದು ಬೇರೆಡೆ. ವಾಜಿಮ ಊರಿನ ಬಟ್ಟಲೊಂದು ನೂರಕ್ಕೂ ಮಿಕ್ಕ ಹಂತಗಳನ್ನು ದಾಟುತ್ತದೆ. ಮರ ಕಡೆಯುವವನು, ತಳಲೇಪ ಕೊಡುವವನು, ಮೇಲುಲೇಪ ಬಳಿಯುವವನು, ಚಿತ್ರಿಸುವವನು ಬೇರೆ ಬೇರೆ. ಇದನ್ನರಿತೇ 1977ರಲ್ಲಿ ಆ ವಿದ್ಯೆಗೆ ಸಂದ ಮನ್ನಣೆಯನ್ನು ಒಬ್ಬನಿಗಲ್ಲ, ಕುಶಲಿಗಳ ಸಂಘಕ್ಕೆ ಕೊಡಲಾಯಿತು. ಸಂಗ್ರಹಾಲಯಗಳ ಫಲಕಗಳಲ್ಲಿ ಮಾತ್ರ ಸಾಮಾನ್ಯವಾಗಿ ಒಬ್ಬನದೇ ಹೆಸರು. ಇದು ನ್ಯಾಯವಲ್ಲ.

2024ರ ಜನವರಿ 1ರಂದು ಸಂಭವಿಸಿದ ನೋತೊ ಭೂಕಂಪದಲ್ಲಿ ವಾಜಿಮದ ಅನೇಕ ಕಾರ್ಯಾಗಾರಗಳು ಕುಸಿದವು, ಕೆಲವು ಬೆಂಕಿಗೆ ಆಹುತಿಯಾದವು. ಇಂಥ ಸಮಯದಲ್ಲಿ ಉದಾರಿಗಳ ಧನವು ಮೊದಲು ಸೇರಬೇಕಾದುದು ಗಾಜಿನ ಕಪಾಟುಗಳಿಗಲ್ಲ. ಫಲಕದಲ್ಲಿ ಹೆಸರಿಲ್ಲದ ಆ ಮರ ಕಡೆಯುವವನ ಕೈಗೆ.